ಕಾಣದ್ದು, ಇಲ್ಲದ್ದು

ರೆವರೆಂಡ್ ರಾಬರ್ಟ್ ಇವಾನ್ಸ್ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಯೂನೈಟಿಂಗ್ ಚರ್ಚಿನ ಪಾದ್ರಿಯಾಗಿದ್ದವರು. ಹಗಲೆಲ್ಲ ಸಭೆಯ ಕೆಲಸ, ರಾತ್ರಿ ಆಕಾಶ ತಿಳಿಯಾಗಿದ್ದರೆ ದೂರದರ್ಶಕ. ದೂರದ ಗ್ಯಾಲಕ್ಸಿಗಳಲ್ಲಿ ಸಿಡಿದು ಸಾಯುವ ನಕ್ಷತ್ರಗಳನ್ನು, ಅಂದರೆ ಸೂಪರ್‌ನೋವಾಗಳನ್ನು, ಅವರು 1955ರ ಸುಮಾರಿಗೆ ಹುಡುಕತೊಡಗಿದರು. ಅವರ ಹೆಸರಿನಲ್ಲಿ ಮೊದಲ ಸೂಪರ್‌ನೋವಾ ಅಧಿಕೃತವಾಗಿ ದಾಖಲಾದದ್ದು 1981ರಲ್ಲಿ. ನಡುವೆ ಕಾಲು ಶತಮಾನ ಸರಿದುಹೋಗಿತ್ತು. ಆಮೇಲೆ ಮಾತ್ರ ಒಂದರ ಹಿಂದೊಂದು ಸಿಗುತ್ತ ಹೋದವು. 2022ರ ನವೆಂಬರ್‌ನಲ್ಲಿ ತೀರಿಕೊಂಡಾಗ, ಕ್ಯಾಮೆರಾದ ನೆರವಿಲ್ಲದೆ ಬರಿಗಣ್ಣನ್ನು ದೂರದರ್ಶಕಕ್ಕೆ ಒಡ್ಡಿ ಅವರು ಪತ್ತೆ ಮಾಡಿದ ಸೂಪರ್‌ನೋವಾಗಳ ಸಂಖ್ಯೆ ನಲವತ್ತನ್ನು ದಾಟಿತ್ತು. ಈ ಬಗೆಯಲ್ಲಿ ಅಷ್ಟು ಕಂಡುಹಿಡಿದವರು ಬೇರೆ ಯಾರೂ ಇಲ್ಲ.

ಅವರು ನೋಡುತ್ತಿದ್ದ ರೀತಿಯನ್ನು ಸ್ವಲ್ಪ ಹತ್ತಿರದಿಂದ ಗಮನಿಸಬೇಕು. ಮನೆಯ ಹಿತ್ತಲಲ್ಲಿ 25 ಸೆಂಟಿಮೀಟರ್ ಕನ್ನಡಿಯ ದೂರದರ್ಶಕ, ಮುಂದೆ 41 ಸೆಂಟಿಮೀಟರಿನದು. ಗುರಿ ಹುಡುಕಿಕೊಡುವ ಕಂಪ್ಯೂಟರ್ ಇಲ್ಲ. ಕೊಳವೆಯನ್ನು ಕೈಯಿಂದ ತಳ್ಳಿ ಒಂದು ಗ್ಯಾಲಕ್ಸಿಯಿಂದ ಇನ್ನೊಂದಕ್ಕೆ ಸಾಗಬೇಕು. ಕಣ್ಣಿಗೆ ಬೀಳುವುದು ಒಂದು ಮಬ್ಬು ಮಚ್ಚೆ. ಅದರ ಮುಂದೆ, ಅಕ್ಕಪಕ್ಕದಲ್ಲಿ, ನಮ್ಮದೇ ಆಕಾಶಗಂಗೆಗೆ ಸೇರಿದ ನಾಲ್ಕಾರು ಚುಕ್ಕಿಗಳು. ಸಾವಿರಕ್ಕೂ ಹೆಚ್ಚು ಗ್ಯಾಲಕ್ಸಿಗಳ ಸುತ್ತ ಯಾವ ಚುಕ್ಕಿ ಎಲ್ಲಿದೆ ಎಂಬುದು ಇವಾನ್ಸರಿಗೆ ಬಾಯಿಪಾಠವಾಗಿತ್ತು. ಕ್ಷಣ ಹೊತ್ತು ಕಣ್ಣಿಟ್ಟರೆ ಸಾಕು, ಹೊಸದೊಂದು ಚುಕ್ಕಿ ಸೇರಿದೆಯೋ ಇಲ್ಲವೋ ತಿಳಿದುಬಿಡುತ್ತಿತ್ತು. ಹೊಸದು ಇದ್ದ ಹಾಗೆ ಕಂಡರೆ ಹಳೆಯ ಛಾಯಾಚಿತ್ರದ ಜೊತೆ ಹೋಲಿಸಬೇಕು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಬೇಕು. ಅಷ್ಟರಲ್ಲಿ ಚುಕ್ಕಿ ಜರುಗಿದ್ದರೆ ಅದು ಅಡ್ಡಬಂದ ಕ್ಷುದ್ರಗ್ರಹ. ಜರುಗದಿದ್ದರೆ ಇನ್ನೊಬ್ಬ ವೀಕ್ಷಕನಿಗೆ ಹೇಳಿ ಖಾತ್ರಿ ಮಾಡಿಕೊಳ್ಳಬೇಕು.

ಆದರೆ ಬಹುಪಾಲು ಸಲ ಹೊಸದು ಇರುವುದಿಲ್ಲ. ನಮ್ಮದರಂಥ ದೊಡ್ಡ ಗ್ಯಾಲಕ್ಸಿಯೊಂದರಲ್ಲಿ ನೂರು ವರ್ಷಕ್ಕೆ ಒಂದೆರಡು ಸೂಪರ್‌ನೋವಾ ಸಂಭವಿಸಿದರೆ ಹೆಚ್ಚು. ಹಾಗಾಗಿ ಇವಾನ್ಸರ ರಾತ್ರಿಗಳು ತುಂಬಿಕೊಂಡದ್ದು ‘ಏನೂ ಇಲ್ಲ’ ಎಂಬ ನೋಟಗಳಿಂದ. ಅವು ದಂಡವಾಗಲಿಲ್ಲ. 1987ರಲ್ಲಿ ಸಿಡ್ನಿ ವಾನ್ ಡೆನ್ ಬರ್ಗ್ ಮತ್ತು ರಾಬರ್ಟ್ ಮೆಕ್ಲೂರ್ ಎಂಬ ವೃತ್ತಿಪರ ಖಗೋಳಜ್ಞರು ಇವಾನ್ಸರ ಜೊತೆ ಸೇರಿ, ಗ್ಯಾಲಕ್ಸಿಗಳಲ್ಲಿ ಸೂಪರ್‌ನೋವಾ ಎಷ್ಟು ಕಾಲಕ್ಕೊಮ್ಮೆ ಆಗುತ್ತದೆ ಎಂದು ಲೆಕ್ಕ ಹಾಕಿದರು. ಆ ಲೆಕ್ಕದ ಭಿನ್ನರಾಶಿಯಲ್ಲಿ ಮೇಲೆ ಕೂತದ್ದು ಸಿಕ್ಕ ಸೂಪರ್‌ನೋವಾಗಳು. ಕೆಳಗೆ ಕೂತದ್ದು ಏನೂ ಸಿಗದ ಸಾವಿರಾರು ನೋಟಗಳು. ಕೆಳಗಿನ ಸಂಖ್ಯೆ ಇಲ್ಲದಿದ್ದರೆ ಮೇಲಿನದಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಇಲ್ಲಿ ಹಳೆಯದೊಂದು ಪ್ರಶ್ನೆ ಎದುರಾಗುತ್ತದೆ. ನೋಡಿದ್ದಾಯಿತು, ಸಿಗಲಿಲ್ಲ. ಅದರಿಂದ ಏನು ತಿಳಿದಂತಾಯಿತು? ಸಿಗದೆ ಇದ್ದದ್ದು ಬರೀ ತಿಳಿವಿನ ಕೊರತೆಯೋ, ಅಥವಾ ತಾನೇ ಒಂದು ತಿಳಿವೋ? ಖಗೋಳ ವಿಜ್ಞಾನದಲ್ಲಿ ಇದು ಕಸುಬಿನ ಪ್ರಶ್ನೆ. ಧರ್ಮದಲ್ಲಿ ಇದು ಜೀವ ಹಿಂಡುವ ಪ್ರಶ್ನೆ, ಏಕೆಂದರೆ ದೇವರನ್ನು ಹುಡುಕಿ ಕಾಣದೆ ಹಿಂದಿರುಗಿದವರ ಸಂಖ್ಯೆ ಎಲ್ಲ ಕಾಲದಲ್ಲೂ ದೊಡ್ಡದು.

ಭಾರತೀಯ ದರ್ಶನಗಳು ಈ ಪ್ರಶ್ನೆಗೆ ಕೊಟ್ಟಷ್ಟು ಗಮನವನ್ನು ಬೇರೆ ಪರಂಪರೆಗಳು ಕೊಟ್ಟದ್ದು ಕಡಿಮೆ. ಶೃಂಗೇರಿ, ಉಡುಪಿ, ಮೈಸೂರುಗಳ ಸಂಸ್ಕೃತ ಪಾಠಶಾಲೆಗಳಲ್ಲಿ ತರ್ಕ ಕಲಿಯಲು ಕೂತ ಹುಡುಗ ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಏಳು ಪದಾರ್ಥಗಳನ್ನು ಓದುತ್ತಾನೆ, ಏಳನೆಯದು ಅಭಾವ. ‘ನೆಲದ ಮೇಲೆ ಮಡಕೆ ಇಲ್ಲ’ ಎಂಬುದು ಅಲ್ಲಿಯ ಹಳೆಯ ಉದಾಹರಣೆ. ಮಡಕೆ ಇಲ್ಲ ಎಂದು ಹೇಗೆ ತಿಳಿಯಿತು? ಕಣ್ಣಿನಿಂದಲೇ ತಿಳಿಯಿತು ಎನ್ನುತ್ತಾರೆ ನೈಯಾಯಿಕರು. ಇಂದ್ರಿಯಗಳು ಇರುವುದನ್ನು ಮಾತ್ರ ಮುಟ್ಟಬಲ್ಲವು, ಇಲ್ಲದ್ದನ್ನು ಕಣ್ಣು ಮುಟ್ಟುವುದು ಹೇಗೆ ಎಂದು ಮೀಮಾಂಸಕ ಕುಮಾರಿಲ ಭಟ್ಟನ ಅನುಯಾಯಿಗಳಾದ ಭಾಟ್ಟರು ಕೇಳಿದರು. ಕಾಣದಿರುವಿಕೆಯೇ, ಅಂದರೆ ಅನುಪಲಬ್ಧಿಯೇ, ಪ್ರತ್ಯೇಕವಾದೊಂದು ಪ್ರಮಾಣ ಎಂದರು. ಅದ್ವೈತಿಗಳು ಅವರ ಹಾದಿ ಹಿಡಿದರು. ಮೀಮಾಂಸೆಯ ಇನ್ನೊಂದು ಪಂಥದವರಾದ ಪ್ರಾಭಾಕರರು ಎರಡನ್ನೂ ಒಪ್ಪದೆ, ಅಲ್ಲಿರುವುದು ಬರಿಯ ನೆಲ ಅಷ್ಟೇ, ಅಭಾವ ಎಂಬ ಬೇರೆ ವಸ್ತುವೇ ಇಲ್ಲ ಎಂದು ವಾದಿಸಿದರು. ಉಡುಪಿಯ ಮಾಧ್ವ ಪರಂಪರೆ ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರನ್ನೇ ಒಪ್ಪಿ ಅನುಪಲಬ್ಧಿಗೆ ಬೇರೆ ಸ್ಥಾನ ಕೊಡಲಿಲ್ಲ. ಮೇಲುನೋಟಕ್ಕೆ ಇದು ಕೂದಲು ಸೀಳುವ ಚರ್ಚೆ. ಆಕಾಶ ನೋಡುವವರ ಕೆಲಸದ ಪಕ್ಕದಲ್ಲಿಟ್ಟು ಓದಿದರೆ ಹಾಗನ್ನಿಸುವುದಿಲ್ಲ.

ಕುಮಾರಿಲನ ಶ್ಲೋಕವಾರ್ತಿಕದಲ್ಲಿ ಒಂದು ಸೂಕ್ಷ್ಮ ಸಂಗತಿ ಬರುತ್ತದೆ. ಒಬ್ಬಾತ ಒಂದು ಜಾಗದಲ್ಲಿ ಇದ್ದು ಬಂದಿದ್ದಾನೆ. ಆ ಜಾಗವನ್ನಷ್ಟೇ ನೋಡಿದ್ದ, ಬೇರೇನೂ ಯೋಚಿಸಿರಲಿಲ್ಲ. ಆಮೇಲೆ ಯಾರೋ ಬಂದು, ಅಲ್ಲಿ ಇಂಥದ್ದು ಇತ್ತೇ ಎಂದು ಕೇಳುತ್ತಾರೆ. ಆತ ನೆನಪು ಮಾಡಿಕೊಂಡು, ಇರಲಿಲ್ಲ ಎನ್ನುತ್ತಾನೆ. ಇರಲಿಲ್ಲ ಎಂಬ ಅರಿವು ಹುಟ್ಟಿದ್ದು ಕೇಳಿದ ಕ್ಷಣದಲ್ಲಿ. ನೋಡುವಾಗ ಆ ಪ್ರಶ್ನೆಯೇ ಇರಲಿಲ್ಲ, ಕೇಳುವಾಗ ಆ ಜಾಗ ಕಣ್ಣ ಮುಂದಿಲ್ಲ. ಹಾಗಾದರೆ ಈ ಅರಿವನ್ನು ಕಣ್ಣಿನ ಲೆಕ್ಕಕ್ಕೆ ಬರೆಯುವುದು ಹೇಗೆ ಎಂಬುದು ಅವನ ಪ್ರಶ್ನೆ.

ಇಂಥದ್ದೇ ಸಂಗತಿ ಆಕಾಶದ ವಿಷಯದಲ್ಲೂ ನಡೆಯಿತು. 2023ರ ಮೇ 19ರಂದು ಜಪಾನಿನ ಯಮಗಾತದ ಹವ್ಯಾಸಿ ವೀಕ್ಷಕ ಕೊಯಿಚಿ ಇತಗಾಕಿ, ಸುಮಾರು 2 ಕೋಟಿ 10 ಲಕ್ಷ ಜ್ಯೋತಿರ್ವರ್ಷ ದೂರದ ಎಂ101 ಗ್ಯಾಲಕ್ಸಿಯಲ್ಲಿ ಹೊಸ ಚುಕ್ಕಿಯೊಂದನ್ನು ಕಂಡರು. ಸುದ್ದಿ ಹರಡುತ್ತಲೇ ಜಗತ್ತಿನ ಮೂಲೆ ಮೂಲೆಯ ಹವ್ಯಾಸಿಗಳು ತಮ್ಮ ಕಂಪ್ಯೂಟರಿನಲ್ಲಿ ಹಿಂದಿನ ರಾತ್ರಿಗಳ ಚಿತ್ರಗಳನ್ನು ತೆರೆದರು. ಎಂ101 ಸುಂದರವಾದ ಸುರುಳಿ, ಮೇ ತಿಂಗಳಲ್ಲಿ ಉತ್ತರ ಗೋಳಾರ್ಧದವರಿಗೆ ಒಳ್ಳೆಯ ಎತ್ತರದಲ್ಲಿ ಸಿಗುತ್ತದೆ, ಹಾಗಾಗಿ ಅಂದಕ್ಕಾಗಿಯೇ ಅದರ ಚಿತ್ರ ತೆಗೆದವರು ಬಹಳ ಮಂದಿ ಇದ್ದರು. ಅವರಾರೂ ಸೂಪರ್‌ನೋವಾ ಹುಡುಕುತ್ತಿರಲಿಲ್ಲ. ಈಗ ಪ್ರಶ್ನೆ ಬಂತು: ಆ ಜಾಗದಲ್ಲಿ ಆಗ ಅದು ಇತ್ತೇ? ಕೆಲವರ ಚಿತ್ರದಲ್ಲಿ ಮಸುಕಾಗಿ ಇತ್ತು, ಅದಕ್ಕೂ ಮುಂಚಿನವರ ಚಿತ್ರದಲ್ಲಿ ಇರಲಿಲ್ಲ. ಇದ್ದದ್ದು ಇಲ್ಲದ್ದು ಎರಡನ್ನೂ ಜೋಡಿಸಿ, ಸ್ಫೋಟದ ಬೆಳಕು ಮೊದಲು ನಮ್ಮನ್ನು ಮುಟ್ಟಿದ ಹೊತ್ತನ್ನು ಕೆಲವೇ ಗಂಟೆಗಳ ಅಂತರಕ್ಕೆ ಇಳಿಸಲಾಯಿತು. ಮುಂದಿನ ದಿನಗಳಲ್ಲಿ ಈ ನಕ್ಷತ್ರದ ಬೆಳಕನ್ನು ಬೇರ್ಪಡಿಸಿ ನೋಡಿದ ಉಪಕರಣಗಳಲ್ಲಿ ಲಡಾಖಿನ ಹಾನ್ಲೆಯ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವೂ ಒಂದು. ಸುಮಾರು 4500 ಮೀಟರ್ ಎತ್ತರದಲ್ಲಿರುವ ಅದನ್ನು ಬೆಂಗಳೂರಿನ ಭಾರತೀಯ ತಾರಾಭೌತ ಸಂಸ್ಥೆಯವರು ನಡೆಸುವುದು ಹೊಸಕೋಟೆಯ ಕೇಂದ್ರದಿಂದ, ಉಪಗ್ರಹ ಸಂಪರ್ಕದ ಮೂಲಕ.

ಇದಕ್ಕಿಂತ ಅಚ್ಚರಿಯದು ಅರ್ಜೆಂಟೀನಾದ ರೊಸಾರಿಯೊ ಊರಿನ ವಿಕ್ಟರ್ ಬುಸೊ ಅವರದು. ಬೀಗದ ಕೆಲಸ ಮಾಡುವ ಇವರು 2016ರ ಸೆಪ್ಟೆಂಬರ್ 20ರಂದು ಹೊಸ ಕ್ಯಾಮೆರಾ ಪರೀಕ್ಷಿಸಲು ಎನ್‌ಜಿಸಿ 613 ಎಂಬ ಗ್ಯಾಲಕ್ಸಿಯ ಕಡೆಗೆ ದೂರದರ್ಶಕ ತಿರುಗಿಸಿ, ಚಿತ್ರದ ಮೇಲೆ ಚಿತ್ರ ತೆಗೆಯುತ್ತ ಹೋದರು. ಮೊದಲ ಕಂತಿನ ಚಿತ್ರಗಳಲ್ಲಿ ಏನೂ ಇರಲಿಲ್ಲ. ಸ್ವಲ್ಪ ಬಿಡುವಿನ ನಂತರ ತೆಗೆದವುಗಳಲ್ಲಿ ಒಂದು ಚುಕ್ಕಿ ಮೂಡಿ, ನೋಡನೋಡುತ್ತಿದ್ದಂತೆ ಬೆಳಗತೊಡಗಿತ್ತು. ನಕ್ಷತ್ರದ ಒಳಗಿಂದ ಹೊರಟ ಆಘಾತದ ಅಲೆ ಅದರ ಮೇಲ್ಮೈಯನ್ನು ಒಡೆದು ಹೊರಬಂದ ಗಳಿಗೆ ಅದು. ವಿಜ್ಞಾನಿಗಳಿಗೆ ಬೆಳಗಿದ ಚಿತ್ರಗಳು ಎಷ್ಟು ಬೇಕಿದ್ದವೋ ಖಾಲಿ ಚಿತ್ರಗಳೂ ಅಷ್ಟೇ ಬೇಕಿದ್ದವು. ಖಾಲಿ ಚಿತ್ರಗಳಿಲ್ಲದೆ ಅದು ಆರಂಭದ ಗಳಿಗೆ ಎಂದು ಹೇಳಲು ಯಾರಿಗೂ ಸಾಧ್ಯವಿರಲಿಲ್ಲ.

ಈಗ ಕಠಿಣವಾದ ಭಾಗ. ಎಲ್ಲ ‘ಕಾಣಲಿಲ್ಲ’ಗಳೂ ಒಂದೇ ತೂಕದವಲ್ಲ. ಕನ್ನಡಕ ಹಾಕದೆ ಚಾಪೆಯ ಮೇಲೆ ಸೂಜಿ ಹುಡುಕಿದ ಅಜ್ಜಿ ‘ಇಲ್ಲಿಲ್ಲ’ ಎಂದರೆ ಮನೆಯವರು ಅಷ್ಟಕ್ಕೆ ಬಿಡುವುದಿಲ್ಲ. ಮೀಮಾಂಸಕರು, ವೇದಾಂತಿಗಳು ಇದಕ್ಕೊಂದು ಕಟ್ಟುಪಾಡು ಹಾಕಿದರು: ಆ ವಸ್ತು ಅಲ್ಲಿ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವ ಸ್ಥಿತಿ ಇರಬೇಕು. ಈ ಯೋಗ್ಯತೆ ಇದ್ದಾಗ ಮಾತ್ರ ಕಾಣದಿರುವಿಕೆ ಪ್ರಮಾಣ. ಕತ್ತಲಲ್ಲಿ ಮಡಕೆ ಕಾಣಲಿಲ್ಲ ಎಂದರೆ ಮಡಕೆ ಇಲ್ಲವೆಂದು ಹೇಳಿದ ಹಾಗಾಗಲಿಲ್ಲ. ಅದ್ವೈತದ ಪಠ್ಯವಾದ ವೇದಾಂತಪರಿಭಾಷೆ ಇದನ್ನು ಬಿಡಿಸಿ ಹೇಳುತ್ತದೆ.

ಇಂದು ಯಾರೇ ಹೊಸ ಸ್ಫೋಟವೊಂದನ್ನು ಅಂತರರಾಷ್ಟ್ರೀಯ ನೋಂದಣಿಗೆ ವರದಿ ಮಾಡಿದರೂ ಎರಡು ವಿವರ ಕೊಡಬೇಕು. ಅದು ಕಂಡ ದಿನ, ಕಾಂತಿಮಾನ ಒಂದು. ಅದೇ ಜಾಗದಲ್ಲಿ ಅದು ಕಾಣದೆ ಇದ್ದ ಕೊನೆಯ ದಿನ, ಆ ರಾತ್ರಿ ಉಪಕರಣ ಎಷ್ಟು ಮಸುಕಾದದ್ದನ್ನು ಹಿಡಿಯಬಲ್ಲದಾಗಿತ್ತು ಎಂಬ ಮಿತಿ ಇನ್ನೊಂದು. ಮಿತಿ ಹೇಳದ ‘ಕಾಣಲಿಲ್ಲ’ಕ್ಕೆ ಬೆಲೆ ಇಲ್ಲ. ಭಾಟ್ಟರು ಯೋಗ್ಯತೆ ಎಂದು ಕರೆದದ್ದು ಇಲ್ಲಿ ಒಂದು ಸಂಖ್ಯೆಯಾಗಿ ನಿಂತಿದೆ. ಅಭಾವಕ್ಕೆ ತನ್ನದೇ ಸಾಲು, ತನ್ನದೇ ಅಳತೆ ಸಿಕ್ಕಿರುವುದನ್ನು ನೋಡಿದರೆ, ಬರಿಯ ನೆಲವೇ ಸಾಕು ಎಂದ ಪ್ರಾಭಾಕರರಿಗಿಂತ ಭಾಟ್ಟರ ಮಾತೇ ಈ ಕಸುಬಿಗೆ ಹೆಚ್ಚು ಹೊಂದುತ್ತದೆ.

1987ರ ಫೆಬ್ರವರಿ 23ರ ರಾತ್ರಿ ಇದಕ್ಕೆ ಒಳ್ಳೆಯ ಸಾಕ್ಷಿ. ಆ ದಿನ ಜಪಾನ್, ಅಮೆರಿಕ, ಸೋವಿಯತ್ ಒಕ್ಕೂಟದ ನೆಲದಡಿಯ ಮೂರು ಉಪಕರಣಗಳು ಎರಡು ಡಜನ್‌ನಷ್ಟು ನ್ಯೂಟ್ರಿನೊ ಎಂಬ ಕಣಗಳನ್ನು ಹಿಡಿದವು. ಸುಮಾರು 1 ಲಕ್ಷ 68 ಸಾವಿರ ಜ್ಯೋತಿರ್ವರ್ಷ ದೂರದ ದೊಡ್ಡ ಮೆಗೆಲನ್ ಮೋಡದಲ್ಲಿ ನಕ್ಷತ್ರವೊಂದರ ಒಡಲು ಕುಸಿದಿತ್ತು. ಕುಸಿತದ ಸುದ್ದಿ ಮೇಲ್ಮೈಗೆ ಬಂದು ಬೆಳಕಾಗಲು ಎಷ್ಟು ಹೊತ್ತು ಹಿಡಿಯಿತು? ನ್ಯೂಟ್ರಿನೊಗಳು ಬಂದ ಸುಮಾರು ಎರಡು ಗಂಟೆಯ ನಂತರ ನ್ಯೂಜಿಲೆಂಡಿನ ಹವ್ಯಾಸಿ ಆಲ್ಬರ್ಟ್ ಜೋನ್ಸ್ ಆ ಭಾಗವನ್ನು ನೋಡಿದ್ದರು, 7.5 ಕಾಂತಿಮಾನಕ್ಕಿಂತ ಪ್ರಕಾಶವಾದ ಹೊಸದೇನೂ ಅಲ್ಲಿರಲಿಲ್ಲ. ನ್ಯೂಟ್ರಿನೊಗಳು ಬಂದ ಮೂರು ಗಂಟೆಯ ನಂತರ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಮೆಕ್‌ನಾಟ್ ತೆಗೆದ ಚಿತ್ರದಲ್ಲಿ ಅದು ಬೆಳಗುತ್ತಿತ್ತು. ಜೋನ್ಸ್ ತಮ್ಮ ಜೀವಮಾನದಲ್ಲಿ ನಕ್ಷತ್ರಗಳ ಕಾಂತಿಯನ್ನು ಐದು ಲಕ್ಷಕ್ಕೂ ಹೆಚ್ಚು ಸಲ ಅಂದಾಜಿಸಿದವರು. ಅವರು ‘ಇರಲಿಲ್ಲ’ ಎಂದರೆ ಇರಲಿಲ್ಲ. ನಕ್ಷತ್ರ ಎಷ್ಟು ದೊಡ್ಡದಿರಬೇಕು, ಆಘಾತದ ಅಲೆ ಎಷ್ಟು ವೇಗವಾಗಿ ಬಂದಿರಬೇಕು ಎಂಬ ಲೆಕ್ಕಗಳಿಗೆ ಆ ಒಂದು ಇಲ್ಲದಿರುವಿಕೆ ಗಡಿ ಹಾಕಿಕೊಟ್ಟಿತು. ಅವರ ನಂಬಲರ್ಹತೆ ಬಂದದ್ದು ಅದೃಷ್ಟದಿಂದಲ್ಲ, ಏನೂ ಆಗದ ರಾತ್ರಿಗಳಲ್ಲೂ ಅಷ್ಟೇ ನಿಷ್ಠೆಯಿಂದ ನೋಡಿದ್ದರಿಂದ. ಆ ನಿಷ್ಠೆಗೆ ಭಕ್ತಿ ಎಂಬ ಮಾತು ಸಲ್ಲುತ್ತದೆ.

ಆಕಾಶದ ಬಗೆಗಿನ ಅತಿ ದೊಡ್ಡ ಧಾರ್ಮಿಕ ನಂಬಿಕೆಯೊಂದು ಕಟ್ಟಿಕೊಂಡದ್ದೂ ಮುರಿದುಬಿದ್ದದ್ದೂ ಕಾಣದಿರುವಿಕೆಯ ಮೇಲೆಯೇ. ಚಂದ್ರನಿಂದಾಚೆಗೆ ಹುಟ್ಟಿಲ್ಲ, ಸಾವಿಲ್ಲ, ಬದಲಾವಣೆಯಿಲ್ಲ ಎಂದು ಅರಿಸ್ಟಾಟಲ್ ಹೇಳಿದ. ಅದಕ್ಕೆ ಅವನು ಕೊಟ್ಟ ಆಧಾರಗಳಲ್ಲಿ ಒಂದು, ತಲೆಮಾರಿನಿಂದ ತಲೆಮಾರಿಗೆ ಬಂದ ದಾಖಲೆಗಳಲ್ಲಿ ಅಲ್ಲಿ ಯಾವ ಬದಲಾವಣೆಯೂ ಕಂಡಿಲ್ಲ ಎಂಬುದು. ಯೂರೋಪಿನ ಕ್ರೈಸ್ತ ವಿದ್ವಾಂಸರು ಆ ಆಕಾಶವನ್ನು ತಮ್ಮ ದೇವಲೋಕದ ಮೆಟ್ಟಿಲಾಗಿ ಮಾಡಿಕೊಂಡರು. 1572ರ ನವೆಂಬರ್‌ನಲ್ಲಿ ಕಾಶ್ಯಪೀಯದಲ್ಲಿ ಹೊಸ ನಕ್ಷತ್ರ ಹೊತ್ತಿಕೊಂಡಿತು. ಡೆನ್ಮಾರ್ಕಿನ ಟೈಕೊ ಬ್ರಾಹೆ ಅದರ ಜಾಗವನ್ನು ರಾತ್ರಿ ಪೂರ್ತಿ ಅಳೆದು ನೋಡಿದ. ಅದು ಚಂದ್ರನಷ್ಟು ಹತ್ತಿರವಿದ್ದರೆ, ಭೂಮಿಯ ಮೇಲಿನ ನೋಟದ ಜಾಗ ಬದಲಾದಂತೆ ಹಿಂದಿನ ನಕ್ಷತ್ರಗಳ ಎದುರು ಸುಮಾರು ಒಂದು ಡಿಗ್ರಿಯಷ್ಟು ಜರುಗಬೇಕಿತ್ತು. ಜರುಗಲಿಲ್ಲ. ಜರ್ಮನಿಯಲ್ಲಿ ಮೈಕೆಲ್ ಮೆಸ್ಟ್ಲಿನ್ ಒಂದು ದಾರವನ್ನಷ್ಟೇ ಕಣ್ಣ ಮುಂದೆ ಬಿಗಿಹಿಡಿದು, ಹೊಸ ನಕ್ಷತ್ರ ಸುತ್ತಲಿನ ನಕ್ಷತ್ರಗಳನ್ನು ಜೋಡಿಸುವ ಗೆರೆಗಳ ಮೇಲೆಯೇ ನಿಂತಿದೆಯೇ ಎಂದು ಪರೀಕ್ಷಿಸಿ ಅದೇ ತೀರ್ಮಾನಕ್ಕೆ ಬಂದ. ಅಲುಗಾಟ ಕಾಣಲಿಲ್ಲ, ಆದ್ದರಿಂದ ಅದು ಚಂದ್ರನಿಂದಾಚೆಗಿದೆ, ಆದ್ದರಿಂದ ಚಂದ್ರನಾಚೆಯ ಲೋಕವೂ ಬದಲಾಗುತ್ತದೆ. ಅಷ್ಟು ದೊಡ್ಡ ಅಲುಗಾಟ ಇದ್ದಿದ್ದರೆ ಅವರ ಉಪಕರಣಗಳಿಗೆ ಕಂಡೇ ಕಾಣುತ್ತಿತ್ತು. ಯೋಗ್ಯತೆ ಇದ್ದ ಅನುಪಲಬ್ಧಿ ಎಂದರೆ ಇದೇ.

ಅದೇ ಟೈಕೊ ಇನ್ನೊಂದು ಅಲುಗಾಟವನ್ನೂ ಹುಡುಕಿದ. ಭೂಮಿ ಸೂರ್ಯನನ್ನು ಸುತ್ತುವುದಾದರೆ ನಕ್ಷತ್ರಗಳು ವರ್ಷಕ್ಕೊಮ್ಮೆ ಆಚೀಚೆ ತೂಗಿದಂತೆ ಕಾಣಬೇಕು. ಕಾಣಲಿಲ್ಲ. ಆದ್ದರಿಂದ ಭೂಮಿ ಚಲಿಸುವುದಿಲ್ಲ ಎಂದುಕೊಂಡ. ವಾದದ ಆಕಾರ ಒಂದೇ, ಪ್ರಾಮಾಣಿಕತೆಯೂ ಒಂದೇ, ತೀರ್ಮಾನ ಮಾತ್ರ ತಪ್ಪು. ಅವನ ಅಳತೆಗಳ ನಿಖರತೆ ಹೆಚ್ಚೆಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಪಾಲಿನಷ್ಟು. 1838ರಲ್ಲಿ ಜರ್ಮನಿಯ ಖಗೋಳಜ್ಞ ಬೆಸೆಲ್ ಕೊನೆಗೂ ಅಳೆದ ಆ ತೂಗಾಟ ಅದಕ್ಕಿಂತ ನೂರಾರು ಪಟ್ಟು ಕಿರಿದು. ಕತ್ತಲಲ್ಲಿ ಮಡಕೆ ಹುಡುಕಿದ ಹಾಗಾಯಿತು. ಒಬ್ಬನೇ ಮನುಷ್ಯ ಒಂದೇ ತರ್ಕವನ್ನು ಎರಡು ಕಡೆ ಬಳಸಿ, ಒಂದು ಕಡೆ ಹಳೆಯ ಲೋಕವನ್ನು ಒಡೆದ, ಇನ್ನೊಂದು ಕಡೆ ಅದನ್ನೇ ಉಳಿಸಿಕೊಂಡ.

ಕನ್ನಡ ನಾಡಿನ ಮಟ್ಟಿಗೂ ಇಂಥ ಎಚ್ಚರ ಬೇಡುವ ಮೌನವೊಂದಿದೆ. 1054ರ ಜುಲೈನಲ್ಲಿ ವೃಷಭ ರಾಶಿಯಲ್ಲಿ ಹೊತ್ತಿಕೊಂಡ ‘ಅತಿಥಿ ನಕ್ಷತ್ರ’ವನ್ನು ಚೀನೀಯರು 23 ದಿನ ಹಗಲಲ್ಲೇ ನೋಡಿದರು, ರಾತ್ರಿಯಲ್ಲಿ ಅದು ಸುಮಾರು ಎರಡು ವರ್ಷ ಕಂಡಿತು. ಅದರ ಅವಶೇಷವೇ ಇಂದಿನ ಏಡಿ ನೀಹಾರಿಕೆ. ಆಗ ಇಲ್ಲಿ ಕಲ್ಯಾಣ ಚಾಲುಕ್ಯರ ಮೊದಲನೆಯ ಸೋಮೇಶ್ವರ ಆಳುತ್ತಿದ್ದ. ಶಾಸನಗಳಿಗೇನೂ ಬರವಿರಲಿಲ್ಲ. ಸೂರ್ಯಗ್ರಹಣ, ಚಂದ್ರಗ್ರಹಣ, ಸಂಕ್ರಾಂತಿ ಕಲ್ಲಿನ ಮೇಲೆ ಮತ್ತೆ ಮತ್ತೆ ಬರುತ್ತವೆ. ಆ ನಕ್ಷತ್ರದ ಬಗ್ಗೆ ಎಲ್ಲರೂ ಒಪ್ಪುವ ಉಲ್ಲೇಖ ಮಾತ್ರ ಇಲ್ಲ. ಹಾಗೆಂದು ನಮ್ಮವರು ಆಕಾಶ ನೋಡುತ್ತಿರಲಿಲ್ಲ ಎಂದು ತೀರ್ಪು ಕೊಡುವವರಿದ್ದಾರೆ. ಆ ತೀರ್ಪು ನಿಲ್ಲುವುದಿಲ್ಲ. ಜುಲೈ ಎಂದರೆ ಮುಂಗಾರು. ಮೋಡ ಮುಚ್ಚಿದ ಆಕಾಶದಲ್ಲಿ ಹಗಲು ನಕ್ಷತ್ರ ಕಾಣುವ ಮಾತೆಲ್ಲಿ? ಮೋಡ ಚದುರಿದ ಮೇಲಿನ ತಿಂಗಳುಗಳಿಗೆ ಕಾರಣ ಬೇರೆ. ದಾನಶಾಸನ ಗ್ರಹಣವನ್ನು ಹೆಸರಿಸುವುದು ಗ್ರಹಣಕಾಲದ ದಾನಕ್ಕೆ ವಿಶೇಷ ಪುಣ್ಯ ಎಂಬ ಕಾರಣಕ್ಕೆ. ಹೊಸ ನಕ್ಷತ್ರಕ್ಕೆ ಅಂಥ ಪುಣ್ಯಕಾಲದ ಪಟ್ಟ ಇರಲಿಲ್ಲ. ನಕ್ಷತ್ರ ಎಲ್ಲರ ಕಣ್ಣಿಗೆ ಬಿದ್ದಿದ್ದರೂ ದಾನದ ಕಲ್ಲಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಹಾಗಾಗಿ ಆ ಕಲ್ಲುಗಳ ಮೌನದಿಂದ ಜನರ ಕಣ್ಣಿನ ಬಗ್ಗೆ ಏನನ್ನೂ ಹೇಳಲು ಬರುವುದಿಲ್ಲ.

ದೇವರ ಪ್ರಶ್ನೆಗೆ ಈಗ ಬರಬಹುದು. ಹತ್ತನೇ ಶತಮಾನದ ಕೊನೆಯಲ್ಲಿ ಮಿಥಿಲೆಯಲ್ಲಿ ಇದ್ದ ನೈಯಾಯಿಕ ಉದಯನಾಚಾರ್ಯ ತನ್ನ ನ್ಯಾಯಕುಸುಮಾಂಜಲಿಯ ಮೂರನೆಯ ಸ್ತಬಕದಲ್ಲಿ ಇದನ್ನೇ ಎತ್ತಿಕೊಳ್ಳುತ್ತಾನೆ. ಈಶ್ವರ ಯಾರಿಗೂ ಕಾಣುವುದಿಲ್ಲ, ಆದ್ದರಿಂದ ಅವನಿಲ್ಲ ಎಂಬುದು ಎದುರಾಳಿಯ ಮಾತು. ಕಾಣಲು ಯೋಗ್ಯವಾದದ್ದು ಕಾಣದಿದ್ದರೆ ಇಲ್ಲವೆನ್ನಬಹುದು. ಕಣ್ಣಿಗೆ ಗೋಚರಿಸುವ ಸ್ವಭಾವವೇ ಇಲ್ಲದ್ದು ಕಾಣದಿದ್ದರೆ ಅದರಿಂದ ಏನೂ ಸಾಬೀತಾಗದು ಎಂಬುದು ಉದಯನನ ಉತ್ತರ. ಹಾಗಾದರೆ ಮೊಲದ ಕೊಂಬನ್ನೂ ಹೀಗೆಯೇ ಉಳಿಸಿಕೊಳ್ಳಬಹುದಲ್ಲ ಎಂಬ ಆಕ್ಷೇಪಕ್ಕೂ ಅವನಲ್ಲಿ ಉತ್ತರವಿದೆ. ಕೊಂಬು ಎಂಬುದು ಕಣ್ಣಿಗೆ ಕಾಣುವ ಜಾತಿಯ ವಸ್ತು, ಮೊಲದ ತಲೆಯ ಮೇಲೆ ಇದ್ದಿದ್ದರೆ ಕಾಣುತ್ತಿತ್ತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅನುಪಲಬ್ಧಿಯನ್ನು ಪ್ರಮಾಣವಾಗಿ ತಿದ್ದಿ ತೀಡಿದ ಕುಮಾರಿಲ ಸೃಷ್ಟಿಕರ್ತನಾದ ಈಶ್ವರನನ್ನು ಒಪ್ಪಿದವನಲ್ಲ. ಅವನ ಪಕ್ಷದ ಉಪಕರಣವೊಂದರ ಮಿತಿಯನ್ನು ತೋರಿಸಿಯೇ ಉದಯನ ಈಶ್ವರನ ಪರ ನಿಂತ.

1961ರಲ್ಲಿ ಯೂರಿ ಗಗಾರಿನ್ ಬಾಹ್ಯಾಕಾಶಕ್ಕೆ ಹೋಗಿ ಬಂದ ಮೇಲೆ, ಅಲ್ಲಿ ತನಗೆ ದೇವರು ಕಾಣಲಿಲ್ಲ ಎಂದು ಆತ ಹೇಳಿದ ಎಂಬ ಮಾತು ಜಗತ್ತೆಲ್ಲ ಹಬ್ಬಿತು. ಗಗಾರಿನ್ ಆಡಿದ ದಾಖಲಿತ ಮಾತುಗಳಲ್ಲಿ ಅದು ಸಿಗುವುದಿಲ್ಲ. ನಾಸ್ತಿಕ ಪ್ರಚಾರದಲ್ಲಿ ಅದು ಚೆನ್ನಾಗಿ ಓಡಿತು. ಯಾರೇ ಹೇಳಿರಲಿ, ಉದಯನ ಅದನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಿದ್ದ.

ಆದರೆ ಆಸ್ತಿಕರು ಇಲ್ಲಿಗೇ ನೆಮ್ಮದಿಯಾಗಿ ಕೂರುವಂತಿಲ್ಲ. ಉದಯನನ ವಾದ ದೇವರನ್ನು ಕಣ್ಣಿನ ನಿರಾಕರಣೆಯಿಂದ ಕಾಪಾಡುತ್ತದೆ, ಅದಕ್ಕೆ ಬೆಲೆಯನ್ನೂ ಕೇಳುತ್ತದೆ. ಕಾಣದಿರುವಿಕೆಯಿಂದ ದೇವರಿಲ್ಲ ಎಂದು ಹೇಳಬಾರದು ಎಂದಾದರೆ, ಕಂಡ ಕಂಡದ್ದನ್ನೆಲ್ಲ ದೇವರ ಕುರುಹು ಎಂದು ತೋರಿಸಲೂ ಬಾರದು. 1572ರ ಹೊಸ ನಕ್ಷತ್ರವನ್ನು ಕಂಡು ಜಿನೀವಾದ ಥಿಯೊಡೋರ್ ಬೇಜಾನಂಥ ದೊಡ್ಡ ದೇವತಾಶಾಸ್ತ್ರಜ್ಞನೇ, ಇದು ಬೆತ್ಲೆಹೆಮ್ಮಿನ ತಾರೆ ಮರಳಿ ಬಂದದ್ದು, ಕ್ರಿಸ್ತನ ಎರಡನೆಯ ಆಗಮನದ ಸೂಚನೆ ಎಂದು ತಿಳಿದ. ಅದು ಕಣ್ಣಿಗೆ ಕಾಣಬೇಕಾದ ಸಂಗತಿಯ ಬಗ್ಗೆ ಹೇಳಿದ ಮಾತು, ಹಾಗಾಗಿ ಆ ಆಗಮನ ಕಾಣದಿದ್ದಾಗ ಬಿದ್ದುಹೋಯಿತು. ಯಾವ ಅನುಭವ ಬಂದರೂ ಜಗ್ಗದ ಹಾಗೆ ಹೇಳಿಕೆಯನ್ನು ಕಟ್ಟಿಕೊಂಡವನು ಯೋಗ್ಯತೆಯ ಮಾತಾಡುತ್ತಿಲ್ಲ, ಪರೀಕ್ಷೆಯಿಂದ ತಲೆ ತಪ್ಪಿಸಿಕೊಳ್ಳುತ್ತಿದ್ದಾನೆ ಅಷ್ಟೇ. ಉದಯನನಿಗೆ ಇದು ಗೊತ್ತಿತ್ತು. ಅದಕ್ಕೇ ಅವನು ಮೂರನೆಯ ಸ್ತಬಕಕ್ಕೆ ನಿಲ್ಲಿಸದೆ ಐದನೆಯದರಲ್ಲಿ ಈಶ್ವರನ ಪರವಾಗಿ ಅನುಮಾನಗಳನ್ನು, ಅಂದರೆ ತರ್ಕಬದ್ಧ ವಾದಗಳನ್ನು, ಒಂದೊಂದಾಗಿ ಕಟ್ಟುತ್ತಾನೆ. ಆ ಅನುಮಾನಗಳು ನಿಲ್ಲುತ್ತವೆಯೇ ಎಂಬುದು ಬೇರೆಯೇ ಚರ್ಚೆ. ಆದರೆ ‘ಇಲ್ಲವೆಂದು ಸಾಬೀತಾಗಿಲ್ಲ’ ಎಂಬುದನ್ನು ‘ಇದ್ದಾನೆ’ ಎಂಬುದಾಗಿ ತಿರುಗಿಸುವ ಸುಲಭದ ದಾರಿಯನ್ನು ಅವನು ಹಿಡಿಯಲಿಲ್ಲ. ಇಂದಿನ ಎಷ್ಟೋ ಪ್ರವಚನಗಳಲ್ಲಿ ಈ ಸಂಯಮ ಕಾಣುವುದಿಲ್ಲ.

ಪಾದ್ರಿ ಇವಾನ್ಸ್ ಎರಡೂ ಕಡೆ ಬದುಕಿದವರು. ಆಸ್ಟ್ರೇಲಿಯಾದ ಚರ್ಚುಗಳಲ್ಲಿ ಧಾರ್ಮಿಕ ಉತ್ಸಾಹ ಇದ್ದಕ್ಕಿದ್ದಂತೆ ಉಕ್ಕಿ ಹರಿದ ಪ್ರಸಂಗಗಳ ಇತಿಹಾಸವನ್ನೂ ಅವರು ಪುಸ್ತಕಗಳಾಗಿ ಬರೆದರು. ಅವೂ ವರ್ಷಾನುಗಟ್ಟಲೆಯ ಸಪ್ಪೆ ದಿನಗಳ ನಡುವೆ ಎಂದೋ ಒಮ್ಮೆ ಆಗುವ ಘಟನೆಗಳು. ದೂರದರ್ಶಕದಲ್ಲಿ ದೇವರನ್ನು ಹುಡುಕಿದ ಪಾದ್ರಿ ಎಂದು ಅವರನ್ನು ಚಿತ್ರಿಸುವುದು ಸರಿಯಲ್ಲ. ಅಲ್ಲಿ ಹುಡುಕಿದ್ದು ನಕ್ಷತ್ರವನ್ನು; ಮತ್ತು ನಕ್ಷತ್ರ ಸಿಗದ ರಾತ್ರಿಯನ್ನು ಸಿಗಲಿಲ್ಲವೆಂದೇ ಬರೆದುಕೊಂಡರು. ಪೀಠದ ಮೇಲೆ ನಿಂತು ಮಾತಾಡುವವನಿಗೆ ಈ ಅಭ್ಯಾಸ ಬೇರೆಲ್ಲರಿಗಿಂತ ಹೆಚ್ಚು ಬೇಕು.

ಕಾಣದೆ ಹೋದ ದೊಡ್ಡ ಘಟನೆಗಳೂ ಇವೆ. ನಮ್ಮ ಗ್ಯಾಲಕ್ಸಿಯಲ್ಲಿ ಬರಿಗಣ್ಣಿಗೆ ನಿಸ್ಸಂದೇಹವಾಗಿ ಕಂಡ ಕೊನೆಯ ಸೂಪರ್‌ನೋವಾ 1604ರದು, ಕೆಪ್ಲರ್ ಅಭ್ಯಾಸ ಮಾಡಿದ್ದು. ಆಮೇಲೆ ಏನೂ ಆಗಲಿಲ್ಲವೇ? ಆಯಿತು. ಗ್ಯಾಲಕ್ಸಿಯ ಕೇಂದ್ರದ ದಿಕ್ಕಿನಲ್ಲಿ ಒಂದು ನಕ್ಷತ್ರ ಸಿಡಿದ ಬೆಳಕು 1900ರ ಆಸುಪಾಸಿಗೆ ಭೂಮಿಯನ್ನು ಮುಟ್ಟಬೇಕಿತ್ತು. ನಡುವಿನ ದಟ್ಟ ಧೂಳು ಅದನ್ನು ನುಂಗಿತು. ರೇಡಿಯೋ ಮತ್ತು ಕ್ಷ-ಕಿರಣಗಳಲ್ಲಿ ಅದರ ಅವಶೇಷ ಹಿಗ್ಗುತ್ತಿರುವುದನ್ನು ಅಳೆದು, ಅದು ಅಷ್ಟು ಎಳೆಯದು ಎಂದು 2008ರಲ್ಲಿ ಪ್ರಕಟಿಸಲಾಯಿತು. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಅವರ ತಲೆಯ ಮೇಲೆಯೇ ನಡೆದುಹೋದದ್ದು, ಯಾರಿಗೂ ಕಾಣಲಿಲ್ಲ.

ತರ್ಕಶಾಸ್ತ್ರದವರು ಅಭಾವವನ್ನೂ ವಿಂಗಡಿಸಿದ್ದಾರೆ. ಮಡಕೆ ಹುಟ್ಟುವ ಮುಂಚಿನ ಇಲ್ಲದಿರುವಿಕೆ ಪ್ರಾಗಭಾವ: ಅದಕ್ಕೆ ಮೊದಲಿಲ್ಲ, ಕೊನೆಯುಂಟು. ಮಡಕೆ ಒಡೆದ ಮೇಲಿನದು ಧ್ವಂಸಾಭಾವ: ಅದಕ್ಕೆ ಮೊದಲುಂಟು, ಕೊನೆಯಿಲ್ಲ. ಸೂಪರ್‌ನೋವಾ ಪತ್ತೆಗೆ ಬೇಕಾದದ್ದು ಮೊದಲನೆಯದು. ನಕ್ಷತ್ರ ನಿಜವಾಗಿ ಸತ್ತಿತೇ ಎಂದು ಹೇಳಲು ಬೇಕಾದದ್ದು ಎರಡನೆಯದು, ಮತ್ತು ಅದು ಬಹಳ ತಾಳ್ಮೆ ಬೇಡುತ್ತದೆ. 1987ರ ಸ್ಫೋಟದಲ್ಲೇ, ನೇರಳಾತೀತ ಬೆಳಕಿನಲ್ಲಿ ಆ ಜಾಗದಿಂದ ಇನ್ನೂ ನಕ್ಷತ್ರದ ಬೆಳಕು ಬರುತ್ತಿರುವುದನ್ನು ಕಂಡು ಸಿಡಿದದ್ದು ಬೇರೆಯೇ ನಕ್ಷತ್ರವಿರಬೇಕೆಂದು ಮೊದಮೊದಲು ಅನ್ನಿಸಿತ್ತು. ಉಳಿದದ್ದು ಪಕ್ಕದ ನಕ್ಷತ್ರಗಳ ಬೆಳಕು ಎಂಬುದು ಆಮೇಲೆ ಖಚಿತವಾಯಿತು. ಎನ್‌ಜಿಸಿ 7259ರ ಒಂದು ನಕ್ಷತ್ರಕ್ಕೆ 2009ರಲ್ಲಿ ಸೂಪರ್‌ನೋವಾ ಎಂಬ ಹೆಸರೇ ದಕ್ಕಿತು. ಅದು ಸತ್ತಿರಲಿಲ್ಲ, ದೊಡ್ಡದೊಂದು ಉದ್ರೇಕದಲ್ಲಿ ತನ್ನ ಮೈಯ ಒಂದು ಭಾಗವನ್ನು ಉಗುಳಿತ್ತು. ಮತ್ತೆ ಮತ್ತೆ ಹಾಗೆ ಮಾಡಿ 2012ರಲ್ಲಿ ಹಿಂದೆಂದಿಗಿಂತಲೂ ಜೋರಾಗಿ ಸಿಡಿಯಿತು. ಈ ಸಲ ನಿಜವಾಗಿ ಸತ್ತಿತೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಹಬಲ್ ದೂರದರ್ಶಕ ಆ ಜಾಗವನ್ನು ಮತ್ತೆ ನೋಡಿ, ಅದು ಸಿಡಿಯುವ ಮುಂಚಿನ ನಕ್ಷತ್ರಕ್ಕಿಂತಲೂ ಮಸುಕಾಗಿದೆ ಎಂದು ತಿಳಿದಾಗ ಹತ್ತು ವರ್ಷ ಕಳೆದಿತ್ತು.

ಇನ್ನೂ ಕಷ್ಟದ್ದು, ಸಿಡಿಯದೆಯೇ ಮಾಯವಾಗುವ ನಕ್ಷತ್ರ. ತುಂಬಾ ಭಾರದ ಕೆಲವು ನಕ್ಷತ್ರಗಳು ಸದ್ದಿಲ್ಲದೆ ತಮ್ಮೊಳಗೇ ಕುಸಿದು ಕಪ್ಪು ಕುಳಿಯಾಗಬಹುದು ಎಂದು ಸಿದ್ಧಾಂತ ಹೇಳುತ್ತದೆ. ಅಂಥದ್ದನ್ನು ಹಿಡಿಯಬೇಕಾದರೆ ಹತ್ತು ಲಕ್ಷದಷ್ಟು ದೈತ್ಯ ನಕ್ಷತ್ರಗಳ ಮೇಲೆ ಕಣ್ಣಿಟ್ಟು, ಯಾವುದು ಇಲ್ಲವಾಯಿತು ಎಂದು ಎಣಿಸುತ್ತಿರಬೇಕು. ಅಮೆರಿಕದ ಅರಿಜೋನಾದ ಲಾರ್ಜ್ ಬೈನಾಕ್ಯುಲರ್ ದೂರದರ್ಶಕದಲ್ಲಿ ಅಂಥ ಹುಡುಕಾಟ ನಡೆದಿದೆ. ಅವರಿಗೆ ಸಿಕ್ಕ ಅಭ್ಯರ್ಥಿ ಎನ್‌ಜಿಸಿ 6946ರಲ್ಲಿ ಇತ್ತು. ಒಂದು ಶತಮಾನದಲ್ಲಿ ಹತ್ತು ಸೂಪರ್‌ನೋವಾ ಕಂಡ, ಪಟಾಕಿ ಗ್ಯಾಲಕ್ಸಿ ಎಂದೇ ಹೆಸರಾದ ಗ್ಯಾಲಕ್ಸಿ ಅದು. ಸೂರ್ಯನ ಸುಮಾರು 25 ಪಟ್ಟು ತೂಕದ ಆ ನಕ್ಷತ್ರ 2009ರಲ್ಲಿ ಸ್ವಲ್ಪ ಕಾಲ ಹೆಚ್ಚು ಬೆಳಗಿ, ಆಮೇಲೆ ಕಾಣುವ ಬೆಳಕಿನಲ್ಲಿ ಇಲ್ಲವಾಯಿತು.

ಇಲ್ಲವಾಯಿತೋ, ಕಾಣದಾಯಿತೋ? ಧೂಳಿನ ಹೊದಿಕೆಯೊಳಗೆ ಅದು ಬದುಕಿಯೇ ಇದ್ದರೆ? ಜೇಮ್ಸ್ ವೆಬ್ ದೂರದರ್ಶಕದ ಅವಕೆಂಪು ಚಿತ್ರಗಳನ್ನು ಆಧರಿಸಿ 2023ರಲ್ಲಿ ಎರಡು ತಂಡಗಳು ಬರೆದವು. ಆ ಜಾಗದಲ್ಲಿ ಒಂದಲ್ಲ, ಮೂರು ಬೆಳಕಿನ ಮೂಲಗಳಿದ್ದವು. ಇದು ಎರಡು ನಕ್ಷತ್ರಗಳು ಒಂದಾದದ್ದರ ಗುರುತಾಗಿರಬಹುದು ಎಂದಿತು ಒಂದು ತಂಡ. ಕಪ್ಪು ಕುಳಿಯೇ ಎಂಬ ವಾದ ಇನ್ನೂ ನಿಂತಿದೆ ಎಂದಿತು ಇನ್ನೊಂದು. ಒಳಗೆ ನಕ್ಷತ್ರ ಉಳಿದಿದ್ದರೆ ಧೂಳು ಹಿಗ್ಗಿ ತೆಳುವಾದಂತೆ ಅದರ ಬೆಳಕು ಹೊರಗೆ ಬರಬೇಕು. ಕಪ್ಪು ಕುಳಿಯಾಗಿದ್ದರೆ, ಅದರೊಳಕ್ಕೆ ಬೀಳುವ ಅನಿಲ ತೀರುತ್ತ ಬಂದಂತೆ ಅವಕೆಂಪು ಕಾಂತಿ ಇಳಿಯುತ್ತ ಹೋಗಬೇಕು. ಎರಡನ್ನೂ ಅಳೆಯಬಲ್ಲ ಉಪಕರಣ ಈಗ ಇದೆ, ಆ ಜಾಗದ ಹಳೆಯ ಚಿತ್ರಗಳೂ ಇವೆ. ಇನ್ನೂ ಕೆಲವು ವರ್ಷಗಳ ಅಳತೆ ಸೇರಬೇಕಿದೆ.